ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯನ್ನು ಮನೆಯ ಪತ್ರಿಕೆಯ ಜೊತೆಗಿಟ್ಟು ಓದುವ ಕ್ರಮ

ಮೇ ತಿಂಗಳ ಮೊದಲ ವಾರವೆಂದರೆ ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗದ ಔಷಧಿಗೆಂದು ಮೈಲುತುತ್ತ ತಂದಿಟ್ಟುಕೊಳ್ಳುವ, ಮಳೆಗಾಲಕ್ಕೆ ಸೌದೆ ಒಟ್ಟುವ ಸಮಯ. ಅದೇ ವಾರ, ಮೇ 3ರ ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ, ಪತ್ರಿಕೆಗಳ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಬರುತ್ತದೆ: 180 ದೇಶಗಳ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ ಭಾರತಕ್ಕೆ ಈ ಬಾರಿ ಇಷ್ಟನೆಯ ಸ್ಥಾನ. ಆ ಒಂದು ಅಂಕಿಯನ್ನು ಹಿಡಿದು ಕೆಲವರು ದೇಶವೇ ಮುಳುಗಿತೆಂದೂ, ಉಳಿದವರು ಪಟ್ಟಿಯೇ ಸುಳ್ಳೆಂದೂ ಎರಡು ದಿನ ವಾದಿಸಿ, ಮೊದಲ ಮಳೆ ಬೀಳುವ ಹೊತ್ತಿಗೆ ಮರೆತುಬಿಡುತ್ತಾರೆ. ಎರಡೂ ಕಡೆಯವರು ಪಟ್ಟಿಯನ್ನು ಓದಿರುವುದಿಲ್ಲ ಎಂಬುದು ನನ್ನ ಅನುಭವ.

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಭಾನುವಾರದ ಬೆಳಿಗ್ಗೆ ಕಾಲೇಜಿನ ಮಕ್ಕಳೊಂದಿಗೆ ಕುಳಿತು ಪತ್ರಿಕೆ ಓದುವ ರೂಢಿಯನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಜಗತ್ತಿನ ಪಟ್ಟಿಯನ್ನು ಅರ್ಥಮಾಡಿಕೊಳ್ಳಬೇಕಾದರೆ ಮನೆಗೆ ಬರುವ ಪತ್ರಿಕೆಯನ್ನು ಪಕ್ಕದಲ್ಲಿ ಹರಡಿಕೊಂಡಿರಬೇಕು ಎಂಬುದು ಅಲ್ಲಿ ನಾವು ಕಂಡುಕೊಂಡ ಸಂಗತಿ. ಅದರ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೇಕಾಗುವುದು ಎರಡು ಕನ್ನಡ ದಿನಪತ್ರಿಕೆ (ಒಂದು ರಾಜ್ಯಮಟ್ಟದ್ದು, ಇನ್ನೊಂದು ಶಿವಮೊಗ್ಗದಲ್ಲಿಯೇ ಅಚ್ಚಾಗುವಂಥದ್ದು), ಒಂದು ಅಡಿಪಟ್ಟಿ, ಒಂದು ನೋಟ್‌ಬುಕ್ ಮತ್ತು ಒಂದು ತಿಂಗಳ ತಾಳ್ಮೆ. ನಮ್ಮ ಕಡೆ ಪತ್ರಿಕೆಯ ಕಟ್ಟು ಬಸ್ಸಿನಲ್ಲಿ ಬಂದು ಕ್ರಾಸಿನಲ್ಲಿ ಇಳಿಯುವ ಹೊತ್ತಿಗೆ ಬೆಳಗಿನ ಕೆಲಸ ಮುಗಿದಿರುತ್ತದೆಯಾದ್ದರಿಂದ ಓದುವುದಕ್ಕೆ ಅವಸರವೂ ಇರುವುದಿಲ್ಲ.

ಪಟ್ಟಿಯನ್ನು ಧಾರಣೆಯಂತೆ ಓದುವುದು

ಅಡಿಕೆ ಧಾರಣೆಯನ್ನು ಓದಬಲ್ಲವರಿಗೆ ಈ ಪಟ್ಟಿ ಕಷ್ಟವೇನಲ್ಲ. ಶಿವಮೊಗ್ಗ ಮಾರುಕಟ್ಟೆಯ ಧಾರಣೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆಬಗೆಯಾಗಿ ಕನಿಷ್ಠ, ಗರಿಷ್ಠ ದರಗಳಿರುತ್ತವೆ. ಮೇಲ್ದರ್ಜೆಯ ಸರಕಿನ ಗರಿಷ್ಠ ದರವನ್ನು ನೋಡಿ ತನ್ನ ಮನೆಯ ಕೆಳದರ್ಜೆಯ ಗೊರಬಲಿಗೂ ಅದೇ ಬೆಲೆ ಸಿಗುತ್ತದೆಂದು ಮಂಡಿಗೆ ಹೊರಡುವ ಬೆಳೆಗಾರನನ್ನು ನಾನು ಕಂಡಿಲ್ಲ. ಪತ್ರಿಕಾ ಸ್ವಾತಂತ್ರ್ಯದ ವಿಷಯಕ್ಕೆ ಬಂದಾಗ ಮಾತ್ರ ನಾವೆಲ್ಲ ಒಂದೇ ಅಂಕಿಯನ್ನು ನೋಡಿ ಹೊರಟುಬಿಡುತ್ತೇವೆ.

ಈ ಸೂಚ್ಯಂಕವನ್ನು ಸಿದ್ಧಪಡಿಸುವುದು 1985ರಲ್ಲಿ ಫ್ರಾನ್ಸಿನಲ್ಲಿ ಸ್ಥಾಪನೆಯಾದ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಎಂಬ ಸಂಸ್ಥೆ. 2002ರಿಂದ ಪಟ್ಟಿ ಪ್ರಕಟವಾಗುತ್ತಿದೆ. ಪ್ರತಿ ದೇಶಕ್ಕೂ ಸ್ಥಾನವೊಂದಿರುತ್ತದೆ, ನೂರಕ್ಕೆ ಇಷ್ಟೆಂಬ ಅಂಕವೂ ಇರುತ್ತದೆ. ಮೊದಲು ಇವೆರಡನ್ನೂ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದುಕೊಳ್ಳಬೇಕು. 2023ರಲ್ಲಿ ಭಾರತದ ಸ್ಥಾನ 161, ಅಂಕ 36.62. 2024ರಲ್ಲಿ ಸ್ಥಾನ 159, ಅಂಕ 31.28. 2025ರಲ್ಲಿ ಸ್ಥಾನ 151, ಅಂಕ 32.96. ಎರಡು ಸ್ಥಾನ ಮೇಲೇರಿದೆವೆಂದು ಸುದ್ದಿಯಾದ ವರ್ಷವೇ ಅಂಕ ಐದಕ್ಕೂ ಹೆಚ್ಚು ಇಳಿದಿತ್ತು. 151ನೆಯ ಸ್ಥಾನಕ್ಕೆ ಬಂದ ವರ್ಷದ ಅಂಕ 161ನೆಯ ಸ್ಥಾನದಲ್ಲಿದ್ದ ವರ್ಷದ ಅಂಕಕ್ಕಿಂತ ಕಡಿಮೆಯೇ ಇತ್ತು. ಉಳಿದ ದೇಶಗಳು ನಮಗಿಂತ ವೇಗವಾಗಿ ಇಳಿದರೆ ನಾವು ಇದ್ದಲ್ಲಿಯೇ ನಿಂತು, ಅಥವಾ ತುಸು ಇಳಿದು ಕೂಡ, ಮೇಲಿನ ಸ್ಥಾನ ಪಡೆಯಬಹುದು. ಆದ್ದರಿಂದ ಸ್ಥಾನ ಏರಿದಾಗ ಹಿಗ್ಗುವವರಿಗೂ, ಇಳಿದಾಗ ಹಣೆ ಚಚ್ಚಿಕೊಳ್ಳುವವರಿಗೂ ಮೊದಲು ಅಂಕವನ್ನು ತೋರಿಸಬೇಕು.

ಎರಡನೆಯದಾಗಿ, 2022ರಲ್ಲಿ ಲೆಕ್ಕದ ವಿಧಾನವೇ ಬದಲಾಯಿತು. ಅಂದಿನಿಂದ ರಾಜಕೀಯ, ಆರ್ಥಿಕ, ಕಾನೂನು, ಸಾಮಾಜಿಕ-ಸಾಂಸ್ಕೃತಿಕ ಮತ್ತು ಸುರಕ್ಷತೆ ಎಂಬ ಐದು ಬಾಬುಗಳಲ್ಲಿ ಬೇರೆಬೇರೆಯಾಗಿ ಅಂಕ ನೀಡಲಾಗುತ್ತದೆ. ಪತ್ರಕರ್ತರ ಮೇಲೆ ನಡೆದ ದೌರ್ಜನ್ಯಗಳ ಎಣಿಕೆಯ ಜೊತೆಗೆ, ಆಯಾ ದೇಶದ ಪತ್ರಕರ್ತರು, ಸಂಶೋಧಕರು, ಮಾನವ ಹಕ್ಕುಗಳ ಕಾರ್ಯಕರ್ತರು ನೂರಕ್ಕೂ ಹೆಚ್ಚು ಪ್ರಶ್ನೆಗಳಿಗೆ ನೀಡಿದ ಉತ್ತರವೂ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ 2021ರ ಸ್ಥಾನವನ್ನು 2025ರದರ ಜೊತೆ ಹೋಲಿಸುವುದು ಸೇರಿನ ಲೆಕ್ಕವನ್ನು ಕಿಲೋ ಜೊತೆ ಕೂಡಿಸಿದಂತೆ. ಉತ್ತರಿಸುವವರ ಅಭಿಪ್ರಾಯಕ್ಕೆ ಇಷ್ಟು ತೂಕವಿರುವ ಪಟ್ಟಿಯಲ್ಲಿ ಸಣ್ಣ ದೇಶಗಳ ಏರಿಳಿತವನ್ನು ಎಚ್ಚರದಿಂದ ನೋಡಬೇಕಾಗುತ್ತದೆ: ಭೂತಾನ 2022ರಲ್ಲಿ 33ನೆಯ ಸ್ಥಾನದಲ್ಲಿದ್ದು, 2023ರಲ್ಲಿ 90ಕ್ಕೂ, 2024ರಲ್ಲಿ 147ಕ್ಕೂ ಇಳಿಯಿತು. ಎರಡೇ ವರ್ಷದಲ್ಲಿ ಒಂದು ದೇಶದ ಸ್ವಾತಂತ್ರ್ಯ ಇಷ್ಟೊಂದು ಕುಸಿಯಿತೇ, ಅಥವಾ ಕೆಲವೇ ಪತ್ರಿಕೆಗಳಿರುವ ಕಡೆ ಕೆಲವೇ ಜನರ ಮಾತು ಇಡೀ ಅಂಕವನ್ನು ಎಳೆದಾಡಿತೇ ಎಂದು ಕೇಳಿಕೊಳ್ಳುವುದು ಪಟ್ಟಿಗೆ ಅವಮಾನವಲ್ಲ. ನಾರ್ವೆ 2017ರಿಂದ 2025ರವರೆಗೆ ಸತತವಾಗಿ ಮೊದಲ ಸ್ಥಾನದಲ್ಲಿದ್ದು, 2025ರ ಕೊನೆಯ ಸ್ಥಾನ ಎರಿಟ್ರಿಯಾದ್ದಾಗಿತ್ತು ಎಂಬಂಥ ಎರಡು ತುದಿಯ ಸಂಗತಿಗಳಲ್ಲಿ ಇಂಥ ಅನುಮಾನಕ್ಕೆ ಎಡೆಯಿಲ್ಲ. ಅನುಮಾನವೆಲ್ಲ ನಡುವಿನ ಸಾಲುಗಳಲ್ಲಿದೆ.

ಮೂರನೆಯದಾಗಿ, ಈ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಟ್ಟುಕೊಳ್ಳಬೇಕು. 1981ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕಿನ ಪತ್ರಕರ್ತರ ರಕ್ಷಣಾ ಸಮಿತಿ ಅಭಿಪ್ರಾಯವನ್ನು ಅಳೆಯಲು ಹೋಗುವುದಿಲ್ಲ. ಕೊಲೆಯಾದವರನ್ನೂ ಸೆರೆಯಲ್ಲಿರುವವರನ್ನೂ ಹೆಸರು ಹಿಡಿದು ಎಣಿಸುತ್ತದೆ. ಅದರ ಲೆಕ್ಕದ ಪ್ರಕಾರ 2024ರ ಡಿಸೆಂಬರ್ 1ರಂದು ಜಗತ್ತಿನಾದ್ಯಂತ 361 ಪತ್ರಕರ್ತರು ಸೆರೆಯಲ್ಲಿದ್ದರು. ಚೀನಾದಲ್ಲಿ 50, ಇಸ್ರೇಲಿನಲ್ಲಿ 43, ಮ್ಯಾನ್ಮಾರಿನಲ್ಲಿ 35. ಆ ವರ್ಷ ಕನಿಷ್ಠ 124 ಮಂದಿ ಕೊಲ್ಲಲ್ಪಟ್ಟರು. ಅವರಲ್ಲಿ 85 ಮಂದಿಯ ಸಾವಿಗೆ ಇಸ್ರೇಲ್-ಗಾಜಾ ಯುದ್ಧದಲ್ಲಿ ಇಸ್ರೇಲಿ ಸೇನೆ ಕಾರಣವೆಂದು ಸಮಿತಿ ದಾಖಲಿಸಿದೆ. ಈ ಎಣಿಕೆಗೂ ಒಂದು ಕುರುಡು ಜಾಗವಿದೆ. ಎರಿಟ್ರಿಯಾದಲ್ಲಿ 2001ರ ಸೆಪ್ಟೆಂಬರಿನಲ್ಲಿ ಖಾಸಗಿ ಪತ್ರಿಕೆಗಳನ್ನೆಲ್ಲ ಮುಚ್ಚಿಸಿ ಪತ್ರಕರ್ತರನ್ನು ಸೆರೆಗೆ ಹಾಕಲಾಯಿತು. ಬರೆಯುವವರೇ ಉಳಿಯದ ಮೇಲೆ ಕೊಲೆಯ ಲೆಕ್ಕ ಸೊನ್ನೆಯಾಗುವುದು ಸಹಜ. ಆದ್ದರಿಂದ ಒಂದು ಪಟ್ಟಿಯಲ್ಲಿ ಕಾಣದ್ದನ್ನು ಇನ್ನೊಂದರಲ್ಲಿ ಹುಡುಕಬೇಕು.

ಕಾಗದ

2025ರ ಸೂಚ್ಯಂಕದ ಜೊತೆಗೆ ಬಂದ ವರದಿಯಲ್ಲಿ ಜಗತ್ತಿನ ಸರಾಸರಿ ಸ್ಥಿತಿಯನ್ನು ಮೊದಲ ಬಾರಿಗೆ ‘ಕಷ್ಟಕರ’ ಎಂಬ ವರ್ಗಕ್ಕೆ ಸೇರಿಸಲಾಯಿತು. ಅದಕ್ಕೆ ಮುಖ್ಯ ಕಾರಣ ಆರ್ಥಿಕ ಬಾಬಿನ ಅಂಕ ಹಿಂದೆಂದಿಗಿಂತ ಕೆಳಗಿಳಿದದ್ದು. ಸೆನ್ಸಾರ್ ಅಧಿಕಾರಿ ಕೆಂಪು ಶಾಯಿಯಲ್ಲಿ ಸಾಲು ಹೊಡೆಯುವ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ. 1975ರ ತುರ್ತುಪರಿಸ್ಥಿತಿಯಲ್ಲಿ ಅದು ನಿಜವೂ ಆಗಿತ್ತು. ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟವಾದದ್ದು ಆಗಲೇ. ಆದರೆ ಪತ್ರಿಕೆಯ ಬಾಯಿ ಕಟ್ಟಲು ಸಾಲು ಹೊಡೆಯಲೇಬೇಕೆಂದಿಲ್ಲ. ಕಾಗದವನ್ನು ತಡೆದರೂ ಸಾಕು.

ಇದನ್ನು ಅರ್ಥಮಾಡಿಕೊಳ್ಳಲು ಶಿವಮೊಗ್ಗ ಜಿಲ್ಲೆಯವರಿಗಿಂತ ಹೆಚ್ಚು ಅರ್ಹರು ಯಾರಿದ್ದಾರೆ? ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ತಯಾರಿಸುತ್ತಿದ್ದ ಕಾಲದಲ್ಲಿ ಅದಕ್ಕಾಗಿ ಬೆಳೆಸಿದ ಅಕೇಶಿಯಾ, ನೀಲಗಿರಿ ನೆಡುತೋಪುಗಳು ನಮ್ಮ ಗುಡ್ಡಗಳ ಮುಖವನ್ನೇ ಬದಲಾಯಿಸಿದವು. ಒಂದೆಡೆ ನಮ್ಮ ಕಾಡಿನ ಬಗ್ಗೆ ಬರೆದ ಸುದ್ದಿ, ಇನ್ನೊಂದೆಡೆ ಆ ಸುದ್ದಿಯನ್ನು ಹೊತ್ತ ಕಾಗದಕ್ಕಾಗಿಯೇ ಎದ್ದ ನೆಡುತೋಪು: ಈ ವಿಚಿತ್ರವನ್ನು ಮಕ್ಕಳಿಗೆ ವಿವರಿಸುವಾಗ ನನಗೇ ನಾಲಿಗೆ ತಡವರಿಸುತ್ತದೆ. 2015ರ ಸುಮಾರಿಗೆ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. ನೆಡುತೋಪಿನ ಮರಗಳು ಮಾತ್ರ ಇನ್ನೂ ನಿಂತಿವೆ.

ಈಗ ಜಗತ್ತಿನ ಕಡೆ ತಿರುಗಿ. ನಿಕರಾಗುವಾ ದೇಶದ ‘ಲಾ ಪ್ರೆನ್ಸಾ’ ಪತ್ರಿಕೆಗೆ ಬಂದ ಕಾಗದವನ್ನು ಕಸ್ಟಮ್ಸ್ ಇಲಾಖೆ ತಡೆದಿಟ್ಟ ಕಾರಣ 2021ರ ಆಗಸ್ಟಿನಲ್ಲಿ ಅದರ ಮುದ್ರಣ ನಿಂತಿತು. ಮರುದಿನ ಪೊಲೀಸರು ಕಚೇರಿಗೆ ನುಗ್ಗಿದರು. ವೆನೆಜುವೆಲಾದಲ್ಲಿ ಕಾಗದದ ಆಮದು ಸರ್ಕಾರಿ ಸಂಸ್ಥೆಯೊಂದರ ಹಿಡಿತದಲ್ಲಿತ್ತು. ಅಲ್ಲಿನ ‘ಎಲ್ ನಾಸಿಯೊನಾಲ್’ 2018ರ ಡಿಸೆಂಬರಿನಲ್ಲಿ ಮುದ್ರಿತ ಪ್ರತಿಯನ್ನು ನಿಲ್ಲಿಸಿತು. ಎರಡೂ ಕಡೆ ಒಂದು ಸಾಲನ್ನೂ ಯಾರೂ ಹೊಡೆದುಹಾಕಿರಲಿಲ್ಲ.

ನಮ್ಮ ಸುಪ್ರೀಂ ಕೋರ್ಟ್ ಈ ಸೂಕ್ಷ್ಮವನ್ನು ಬಹಳ ಹಿಂದೆಯೇ ಗುರುತಿಸಿತ್ತು. ಪತ್ರಿಕೆಯ ಬೆಲೆಗೆ ತಕ್ಕಂತೆ ಪುಟಗಳ ಸಂಖ್ಯೆಯನ್ನು ಸರ್ಕಾರವೇ ನಿಗದಿಪಡಿಸಬಹುದೆಂಬ 1956ರ ಕಾಯಿದೆಯನ್ನು ಮರಾಠಿಯ ಸಕಾಳ್ ಪತ್ರಿಕೆಯ ಪ್ರಕರಣದಲ್ಲಿ 1961ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. ಪತ್ರಿಕೆಗಳನ್ನು ಹತ್ತು ಪುಟಕ್ಕೆ ಕಟ್ಟಿಹಾಕುವ ನ್ಯೂಸ್‌ಪ್ರಿಂಟ್ ನೀತಿಯನ್ನು ಟೈಮ್ಸ್ ಆಫ್ ಇಂಡಿಯಾದ ಪ್ರಕಾಶಕರಾದ ಬೆನೆಟ್ ಕೋಲ್ಮನ್ ಕಂಪನಿಯ ಪ್ರಕರಣದಲ್ಲಿ 1972ರಲ್ಲಿ ತಳ್ಳಿಹಾಕಿತು. ಸಂವಿಧಾನದ 19(1)(ಎ) ವಿಧಿಯಲ್ಲಿ ‘ಪತ್ರಿಕೆ’ ಎಂಬ ಪದವೇ ಇಲ್ಲ. ನಾಗರಿಕನ ವಾಕ್ ಸ್ವಾತಂತ್ರ್ಯದಲ್ಲಿಯೇ ಪತ್ರಿಕೆಯ ಸ್ವಾತಂತ್ರ್ಯವೂ ಅಡಗಿದೆ ಎಂದು ನ್ಯಾಯಾಲಯ ಓದಿಕೊಂಡಿತು. ನೋಟ್‌ಬುಕ್ಕಿನಲ್ಲಿ ನೀವು ಮಾಡಬೇಕಾದ ಕೆಲಸ ಚಿಕ್ಕದು: ನಿಮ್ಮ ಎರಡೂ ಪತ್ರಿಕೆಗಳ ಪುಟಗಳ ಸಂಖ್ಯೆಯನ್ನೂ ಬೆಲೆಯನ್ನೂ ದಿನವೂ ಬರೆಯಿರಿ. ಪುಟ ಇಳಿದ ದಿನ ಯಾವ ಸುದ್ದಿ ಮೊದಲು ಜಾಗ ಕಳೆದುಕೊಂಡಿತೆಂದು ನೋಡಿ. ನಮ್ಮ ಅನುಭವದಲ್ಲಿ ಹಾಗೆ ಕಳೆದುಹೋಗುವುದು ಸಾಮಾನ್ಯವಾಗಿ ತಾಲ್ಲೂಕಿನ ಸುದ್ದಿ.

ಅಡಿಪಟ್ಟಿ ಹಿಡಿದು ಜಾಹೀರಾತು ಅಳೆಯುವುದು

ಸರ್ಕಾರಿ ಜಾಹೀರಾತಿನ ದರವನ್ನು ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಕಟ್ಟಲಾಗುತ್ತದೆ. ನೀವೂ ಹಾಗೆಯೇ ಉದ್ದವನ್ನು ಅಗಲದಿಂದ ಗುಣಿಸಿ ಬರೆದುಕೊಳ್ಳಿ. ನೋಟ್‌ಬುಕ್ಕಿನ ಪುಟವನ್ನು ಮೂರು ಕಂಬಗಳಾಗಿ (ಕಾಲಂಗಳಾಗಿ) ಮಾಡಿ: ಸರ್ಕಾರ, ನಿಗಮ, ಪಂಚಾಯಿತಿಗಳ ಟೆಂಡರ್ ಪ್ರಕಟಣೆ ಮತ್ತು ಯೋಜನೆಗಳ ಜಾಹೀರಾತು ಒಂದರಲ್ಲಿ, ರಾಜಕಾರಣಿಗಳ ಹುಟ್ಟುಹಬ್ಬದ ಶುಭಾಶಯ, ಸ್ವಾಗತ ಮತ್ತು ಅಭಿನಂದನೆ ಎರಡನೆಯದರಲ್ಲಿ, ಅಂಗಡಿ, ಶಾಲೆ, ಆಸ್ಪತ್ರೆ, ಶ್ರದ್ಧಾಂಜಲಿ ಇತ್ಯಾದಿ ಮೂರನೆಯದರಲ್ಲಿ. ಶ್ರದ್ಧಾಂಜಲಿಯನ್ನು ಅಳೆಯುವುದಕ್ಕೆ ಮಕ್ಕಳು ಮೊದಲು ಹಿಂಜರಿದಿದ್ದರು. ಆದರೆ ಸಣ್ಣ ಪತ್ರಿಕೆಯೊಂದರ ಬದುಕು ಅದರ ಮೇಲೂ ನಿಂತಿದೆ ಎಂದು ತಿಳಿದ ಮೇಲೆ ಗೌರವದಿಂದಲೇ ಅಳೆದರು.

ತಿಂಗಳ ಕೊನೆಗೆ ಮೊದಲ ಎರಡು ಕಂಬಗಳ ಮೊತ್ತ ಮೂರನೆಯದನ್ನು ಮೀರಿದ್ದರೆ, ಆ ಪತ್ರಿಕೆಯ ಸಂಪಾದಕರು ಯಾರ ಫೋನನ್ನು ಎತ್ತದೇ ಇರಲಾರರು ಎಂಬುದು ನಿಮಗೆ ತಿಳಿಯುತ್ತದೆ. ಇದರಿಂದ ಅವರು ಮಾರಿಕೊಂಡಿದ್ದಾರೆಂದು ತೀರ್ಮಾನಿಸಬಾರದು. ನಾಲ್ಕು ಪುಟದ ಜಿಲ್ಲಾ ಪತ್ರಿಕೆಯನ್ನು ಹಲವು ವರ್ಷ ನಡೆಸಿಕೊಂಡು ಬರುವುದು ಎಷ್ಟು ದೊಡ್ಡ ಹಟವೆಂಬುದನ್ನು ಶಿವಮೊಗ್ಗದಲ್ಲಿ ಕಣ್ಣಾರೆ ಕಂಡಿದ್ದೇನೆ. ಚುನಾವಣೆಯ ನೀತಿ ಸಂಹಿತೆ ಜಾರಿಯಲ್ಲಿರುವ ದಿನಗಳನ್ನು ಮಾತ್ರ ಬೇರೆಯಾಗಿ ಅಳೆಯಿರಿ. ಆಗ ಮೊದಲನೆಯ ಕಂಬ ಹೆಚ್ಚುಕಡಿಮೆ ಬರಿದಾಗುತ್ತದೆ, ಎರಡನೆಯದು ಉಬ್ಬುತ್ತದೆ, ಮತ್ತು ಜಾಹೀರಾತೆಂಬ ಗುರುತಿಲ್ಲದೆ ಸುದ್ದಿಯ ವೇಷದಲ್ಲಿ ಬರುವ ಹೊಗಳಿಕೆಯೂ ಕಾಣಿಸಿಕೊಳ್ಳುತ್ತದೆ. ಇಂಥ ಕಾಸಿಗಾಗಿ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿಯೊಂದು 2010ರಲ್ಲಿಯೇ ವಿವರವಾದ ವರದಿ ನೀಡಿತ್ತು. ಒಂದೇ ದಿನ ಎರಡು ಪತ್ರಿಕೆಗಳಲ್ಲಿ ಒಂದೇ ಅಭ್ಯರ್ಥಿಯ ಬಗ್ಗೆ ಪದ ಕೂಡ ಬದಲಾಗದ ಬರಹ ಕಂಡರೆ ಎರಡನ್ನೂ ಕತ್ತರಿಸಿಟ್ಟುಕೊಳ್ಳಿ. ಚುನಾವಣೆಯ ಸಮಯದಲ್ಲಿ ಜಿಲ್ಲಾ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿಗೆ ಅವುಗಳೊಂದಿಗೆ ದೂರು ನೀಡಬಹುದು.

ಜಾಹೀರಾತಿಲ್ಲದೆ ಪತ್ರಿಕೆ ನಡೆಸಲು ಸಾಧ್ಯವೇ ಎಂದು ಯಾರಾದರೂ ಕೇಳುತ್ತಾರೆ. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಓದುಗರು ಕೊಟ್ಟ ಹಣದಿಂದಲೇ ನಡೆಯಿತು. ಆದರೆ ಅದು ವಾರಪತ್ರಿಕೆ. ದಿನಪತ್ರಿಕೆಯ ಖರ್ಚಿನ ಲೆಕ್ಕವೇ ಬೇರೆ. 1703ರಲ್ಲಿ ಆರಂಭವಾದ ವಿಯೆನ್ನಾದ ‘ವೀನರ್ ತ್ಸೈಟುಂಗ್’, ಕಂಪನಿಗಳು ತಮ್ಮ ಪ್ರಕಟಣೆಗಳನ್ನು ಅದರಲ್ಲಿ ಅಚ್ಚುಮಾಡಿಸಬೇಕೆಂಬ ಕಡ್ಡಾಯವನ್ನು ಹೊಸ ಕಾನೂನು ತೆಗೆದುಹಾಕಿದ ಮೇಲೆ, 2023ರ ಜೂನ್ 30ಕ್ಕೆ ದಿನಪತ್ರಿಕೆಯ ಮುದ್ರಣವನ್ನು ನಿಲ್ಲಿಸಿತು. ಮುನ್ನೂರು ವರ್ಷ ಬಾಳಿದ ಪತ್ರಿಕೆಯ ಮೊದಲನೆಯ ಕಂಬ ಒಂದು ಕಾನೂನಿನಿಂದ ಬರಿದಾಯಿತು.

ಕೊನೆಯ ಪುಟದ ಕೊನೆಯ ಸಾಲು

ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಮತ್ತು ಮುದ್ರಣದ ಸ್ಥಳವನ್ನು ತಿಳಿಸುವ ಸಾಲು ಇರುತ್ತದೆ. 1867ರ ಕಾಯಿದೆಯಿಂದ ಬಂದ ಈ ಕಡ್ಡಾಯ, ಅದರ ಜಾಗಕ್ಕೆ 2024ರ ಮಾರ್ಚ್ 1ರಿಂದ ಹೊಸ ಕಾಯಿದೆ ಬಂದ ಮೇಲೂ ಪತ್ರಿಕೆಯ ಗುರುತಾಗಿ ಉಳಿದಿದೆ. 1956ರ ನಿಯಮಗಳ ಕಾಲದಿಂದ ಫೆಬ್ರವರಿ ಮುಗಿದ ಕೂಡಲೇ ‘ನಮೂನೆ 4’ ಎಂಬ ತಲೆಬರಹದಲ್ಲಿ ಮಾಲೀಕತ್ವದ ವಿವರವನ್ನು ಪ್ರಕಟಿಸುವ ಪದ್ಧತಿಯೂ ಇದೆ. ಮಾರ್ಚ್ ಮೊದಲ ವಾರದ ಸಂಚಿಕೆಗಳನ್ನು ರದ್ದಿಗೆ ಹಾಕದೆ ಇದನ್ನು ಹುಡುಕಿ. ಬಂಡವಾಳದ ಶೇಕಡಾ ಒಂದಕ್ಕಿಂತ ಹೆಚ್ಚಿನ ಪಾಲು ಯಾರದೆಂಬುದು ಅಲ್ಲಿರುತ್ತದೆ. ಆ ಹೆಸರುಗಳಿಗೆ ಕಾಲೇಜು, ಗಣಿ, ಗುತ್ತಿಗೆ ಅಥವಾ ಚುನಾವಣೆಯ ನಂಟಿದೆಯೇ ಎಂದು ನೋಡಿ ಬರೆದುಕೊಂಡರೆ ಸಾಕು.

ಮಾಲೀಕತ್ವ ಏಕೆ ಮುಖ್ಯವೆಂಬುದಕ್ಕೆ ಹಂಗೆರಿಯನ್ನು ನೋಡಿ. ಅಲ್ಲಿನ ದೊಡ್ಡ ವಿರೋಧಿ ದನಿಯಾಗಿದ್ದ ‘ನೇಪ್‌ಸಬಾದ್‌ಶಾಗ್’ ಪತ್ರಿಕೆಯನ್ನು 2016ರ ಅಕ್ಟೋಬರ್ 8ರಂದು ಮಾಲೀಕರೇ ಇದ್ದಕ್ಕಿದ್ದಂತೆ ನಿಲ್ಲಿಸಿದರು. 2018ರಲ್ಲಿ ಸರ್ಕಾರದ ಪರವಾದ ಮಾಲೀಕರು 400ಕ್ಕೂ ಹೆಚ್ಚು ಮಾಧ್ಯಮಗಳನ್ನು ಒಂದೇ ಪ್ರತಿಷ್ಠಾನಕ್ಕೆ ದಾನವಾಗಿ ಒಪ್ಪಿಸಿದರು. ಹಾಂಗ್‌ಕಾಂಗಿನಲ್ಲಿ ಇನ್ನೂ ನೇರವಾದ ದಾರಿ ಹಿಡಿಯಲಾಯಿತು: ಪತ್ರಿಕೆಯ ಬ್ಯಾಂಕ್ ಖಾತೆಗಳನ್ನು ಸರ್ಕಾರ ಸ್ತಂಭನಗೊಳಿಸಿದ ಮೇಲೆ ‘ಆ್ಯಪಲ್ ಡೈಲಿ’ 2021ರ ಜೂನ್ 24ರಂದು ಹತ್ತು ಲಕ್ಷ ಪ್ರತಿಗಳ ಕೊನೆಯ ಸಂಚಿಕೆಯನ್ನು ಅಚ್ಚು ಹಾಕಿ ಮುಚ್ಚಿತು. ಜನ ನಡುರಾತ್ರಿಯಿಂದಲೇ ಸಾಲುಗಟ್ಟಿ ನಿಂತು ಕೊಂಡರು.

ಬಾರದ ಸುದ್ದಿಯ ಪಟ್ಟಿ

ಈ ಕ್ರಮದಲ್ಲಿ ಅತ್ಯಂತ ಕಷ್ಟದ ಭಾಗ ಇದೇ. ಬಸ್ ನಿಲ್ದಾಣ, ಸೊಸೈಟಿ, ಹೋಟೆಲು, ಮದುವೆ ಮನೆ ಮುಂತಾದ ಕಡೆ ಒಂದು ತಿಂಗಳು ಜನ ಏನು ಮಾತನಾಡಿದರೆಂಬುದನ್ನು ದಿನಾಂಕ ಸಹಿತ ಬರೆಯಿರಿ. ಅದರ ಎದುರು, ಆ ವಿಷಯ ಯಾವ ಪತ್ರಿಕೆಯಲ್ಲಿ ಯಾವತ್ತು ಬಂತೆಂಬುದನ್ನು ಬರೆಯಿರಿ. ಕೊನೆಗೆ ಎದುರಿನ ಜಾಗ ಖಾಲಿ ಉಳಿದ ಸಾಲುಗಳನ್ನು ಮಾತ್ರ ಒಟ್ಟುಮಾಡಿ. ಇವುಗಳಲ್ಲಿ ಗಾಳಿಸುದ್ದಿಯೂ ಇರುತ್ತದೆಯಾದ್ದರಿಂದ ಎಲ್ಲವನ್ನೂ ನಂಬಬೇಕಾಗಿಲ್ಲ. ಆದರೆ ಖಾಲಿ ಸಾಲುಗಳು ಒಂದೇ ವಿಷಯದ ಸುತ್ತ ಸೇರತೊಡಗಿದರೆ ಅದನ್ನು ಕಡೆಗಣಿಸುವಂತಿಲ್ಲ. ನಮ್ಮ ಪಟ್ಟಿಯಲ್ಲಿ ಕಾಡಾನೆ, ಮಂಗನ ಕಾಯಿಲೆ, ಲಿಂಗನಮಕ್ಕಿಯ ನೀರಿನ ಮಟ್ಟ ಎಂದೂ ಖಾಲಿ ಉಳಿದಿಲ್ಲ. ಇವುಗಳ ಸುದ್ದಿ ಧಾರಾಳವಾಗಿ ಬರುತ್ತದೆ. ಖಾಲಿ ಉಳಿಯುವುದು ಹೊಳೆಯ ಮರಳು ಮತ್ತು ಕಲ್ಲು ಕ್ವಾರಿ.

ಒಬ್ಬ ಅರೆಕಾಲಿಕ ವರದಿಗಾರರನ್ನು ಈ ಬಗ್ಗೆ ಕೇಳಿದ್ದೆ. ಸುದ್ದಿಗೆ ಇಷ್ಟೆಂದು ಸಿಗುವ ಪುಡಿಗಾಸು, ಪೆಟ್ರೋಲು ಸ್ವಂತದ್ದು, ಗುರುತಿನ ಚೀಟಿಯನ್ನು ಬಿಟ್ಟರೆ ಪತ್ರಿಕೆಯಿಂದ ಬೇರೆ ಆಸರೆಯಿಲ್ಲ. “ಬೆಂಗಳೂರಿನವರು ಬರೆದು ಬೆಂಗಳೂರಿಗೆ ಹೋಗ್ತಾರೆ ಸಾರ್. ನಾನು ಬರೆದು ಅದೇ ರಸ್ತೇಲಿ ರಾತ್ರಿ ಮನೆಗೆ ಹೋಗಬೇಕಲ್ಲ,” ಎಂದಷ್ಟೇ ಹೇಳಿ ಅವರು ಚಹಾ ಕುಡಿದರು. 2025ರ ಜನವರಿಯಲ್ಲಿ ಛತ್ತೀಸ್‌ಗಢದ ಬಿಜಾಪುರದಲ್ಲಿ, ರಸ್ತೆ ಕಾಮಗಾರಿಯ ಅಕ್ರಮ ಬಯಲಿಗೆ ಬಂದ ನಂತರ, ಪತ್ರಕರ್ತ ಮುಕೇಶ್ ಚಂದ್ರಾಕರ್ ಅವರ ಶವ ಗುತ್ತಿಗೆದಾರರ ಜಾಗದ ಶೌಚಗುಂಡಿಯಲ್ಲಿ ಪತ್ತೆಯಾಯಿತು. ಸುರಕ್ಷತೆಯ ಬಾಬಿನಲ್ಲಿ ಭಾರತದ ಅಂಕ ಏಕೆ ಕೆಳಗಿದೆ ಎಂಬ ಪ್ರಶ್ನೆಗೆ ಉತ್ತರವನ್ನು ದೆಹಲಿಯ ಸ್ಟುಡಿಯೋಗಳಿಗಿಂತ ಇಂಥ ತಾಲ್ಲೂಕುಗಳಲ್ಲಿ ಹುಡುಕುವುದು ಮೇಲು.

ಬರೆದು ಕೇಳುವುದು

ಖಾಲಿ ಸಾಲುಗಳ ಬಗ್ಗೆ ಮೊದಲು ಸಂಪಾದಕರಿಗೆ ಪತ್ರ ಬರೆಯಿರಿ. ಏಕೆ ಪ್ರಕಟಿಸಲಿಲ್ಲವೆಂದು ಗದರಿಸುವ ಬದಲು, ಇಂಥ ದಿನ ಇಂಥ ಸ್ಥಳದಲ್ಲಿ ಕಂಡ ಸಂಗತಿಯೆಂದು ವಿವರ ಒದಗಿಸಿದರೆ ಪ್ರಕಟವಾಗುವ ಸಂಭವ ಹೆಚ್ಚು. ಪ್ರಕಟವಾದ ಬರಹವೇ ತಪ್ಪಾಗಿದ್ದರೆ, ಸಂಪಾದಕರಿಗೆ ಬರೆದು ಉತ್ತರಕ್ಕೆ ಕಾದ ಮೇಲೆ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬಹುದು. ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವುಗಳಿಗೆ ನಾಲ್ಕು ತಿಂಗಳೊಳಗೆ ದೂರು ಹೋಗಬೇಕು. ಪತ್ರಿಕೆಯ ತುಣುಕು, ಕನ್ನಡದ್ದಾದರೆ ಅದರ ಇಂಗ್ಲಿಷ್ ಅನುವಾದ, ಸಂಪಾದಕರೊಂದಿಗಿನ ಪತ್ರವ್ಯವಹಾರ, ಮತ್ತು ವಿಷಯ ನ್ಯಾಯಾಲಯದಲ್ಲಿಲ್ಲವೆಂಬ ಘೋಷಣೆ ಜೊತೆಗಿರಬೇಕು. ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು, ದಂಡ ಹಾಕುವಂತಿಲ್ಲ. ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಪತ್ರಿಕೆಯ ಮೇಲೆ ಒತ್ತಡ ತಂದ ಸರ್ಕಾರಿ ಅಧಿಕಾರಿಯ ವಿರುದ್ಧವೂ ಅಲ್ಲಿಯೇ ದೂರು ಕೊಡಬಹುದೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಜಾಹೀರಾತಿನ ಮೊದಲನೆಯ ಕಂಬದ ಬಗ್ಗೆ ಅಡಿಪಟ್ಟಿಗಿಂತ ನಿಖರವಾದ ಉತ್ತರ ಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಕಳೆದ ಆರ್ಥಿಕ ವರ್ಷದಲ್ಲಿ ಶಿವಮೊಗ್ಗ ಜಿಲ್ಲೆಯ ಯಾವ ಯಾವ ಪತ್ರಿಕೆಗೆ ಎಷ್ಟು ಮೊತ್ತದ ಜಾಹೀರಾತು ನೀಡಲಾಗಿದೆ ಎಂಬ ಒಂದೇ ಪ್ರಶ್ನೆ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದೀತು. ಏಕೆ ಕೇಳುತ್ತಿದ್ದೀರೆಂದು ನೀವು ಹೇಳಬೇಕಾಗಿಲ್ಲ, ಅವರು ಕೇಳುವಂತೆಯೂ ಇಲ್ಲ. ಉತ್ತರಕ್ಕೆ 30 ದಿನಗಳ ಗಡುವು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಅರ್ಜಿ ಕಳುಹಿಸಿದ ಅಂಚೆಯ ರಸೀದಿಯನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಗೆ ಅಂಟಿಸಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿಡಿ. ನಮ್ಮ ಮೊದಲ ವರ್ಷದ ರಸೀದಿ ಆಷಾಢದ ತೇವಕ್ಕೆ ಬೂಷ್ಟು ಹಿಡಿದು, ಮೇಲ್ಮನವಿ ಬರೆಯುವ ಹೊತ್ತಿಗೆ ದಿನಾಂಕವೇ ಕಾಣಿಸುತ್ತಿರಲಿಲ್ಲ.